ಕಡೆಯ ಹೂಂ

“ಹೂಂಗುಟ್ಟದೆ ಈ ಕತೆ ಕೇಳಬಾರ್ದು ಮೇಷ್ಟ್ರೇ. ಒಳ್ಳೇದಾಗಲ್ಲ” ಎಂದಳು ಹುಲಿಯಮ್ಮ.

ಶ್ಯಾಮ ನಕ್ಕ. “ಕೇಳೋದು ಈ ಮಿಶಿನ್ನು ಅಮ್ಮಾ. ಇದಕ್ಕೆ ಕಿವಿ ಇದೆ, ಜೀವ ಇಲ್ಲ. ಇದಕ್ಕೇನಾಗುತ್ತೆ?”

ಅದು 1966ರ ಫೆಬ್ರವರಿ. ಶ್ಯಾಮ ವಿಶ್ವವಿದ್ಯಾಲಯದಲ್ಲಿ ಅದ್ಭುತ ಕತೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಕತೆಯೊಳಗೆ ದೆವ್ವ, ಶಾಪ, ಮಾಟಗಳು ಓದುಗನನ್ನು ಹೇಗೆ ಹೆದರಿಸುತ್ತವೆ ಎಂಬುದು ಅವನ ವಿಷಯ. ಅವನಿಗೆ ಅವುಗಳಲ್ಲಿ ನಂಬಿಕೆ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ವಿಭಾಗದಿಂದ ಬ್ಯಾಟರಿಯ ಟೇಪ್ ರೆಕಾರ್ಡರ್ ತಂದು ಊರೂರು ಸುತ್ತುತ್ತಿದ್ದ. ಹೊಸನಗರದಿಂದ ಆಚೆ, ಹಿನ್ನೀರಿನಲ್ಲಿ ಊರು ಮುಳುಗಿದವರಿಗೆ ಕಾಡು ಕಡಿದು ಕೊಟ್ಟ ಜಾಗದಲ್ಲಿ ಹುಲಿಯಮ್ಮನ ಗುಡಿಸಲಿತ್ತು. ಸುಟ್ಟ ಬೊಡ್ಡೆಗಳ ಕಮಟು ಇನ್ನೂ ಹೋಗಿರಲಿಲ್ಲ.

ಆ ಕಡೆ ಕತೆ ಹೇಳುವವರು ಮಾತಿಗೊಮ್ಮೆ ನಿಲ್ಲುತ್ತಾರೆ. ಕೇಳುವವರು ‘ಹೂಂ’ ಎಂದ ಮೇಲೆಯೇ ಕತೆ ಮುಂದೆ ಹೋಗುವುದು. ಶ್ಯಾಮನ ಹಿಂದಿನ ಟೇಪುಗಳು ಈ ಹೂಂಕಾರದಲ್ಲೇ ಹಾಳಾಗಿದ್ದವು. ಕತೆಗಿಂತ ಕೆಮ್ಮು ಮತ್ತು ಹೂಂ ಹೆಚ್ಚು ಎಂದು ಪ್ರಾಧ್ಯಾಪಕರು ಗೊಣಗಿದ್ದರು. ಈ ಸಲ ಅವನು ಕೂತಿದ್ದವರನ್ನೆಲ್ಲ ಹೊರಗೆ ಕಳಿಸಿದ.

“ಹತ್ತು ಜನ ಹೂಂ ಅಂದ್ರೆ ಮಾಟ ಹತ್ತು ಕಡೆ ಹಂಚಿ ಹೋಗ್ತದೆ, ಯಾರ್ನೂ ಹಿಡಿಯಲ್ಲ” ಎಂದಳು ಹುಲಿಯಮ್ಮ. “ಯಾರೂ ಅನ್ನದಿದ್ರೆ ಕತೆ ಒಳಗೇ ಕೂತಿರ್ತದೆ. ಆಮೇಲೆ ಮೊದ್ಲು ಹೂಂ ಅಂದೋರ ಬಾಯಿ ಕಟ್ತದೆ.”

“ಹೇಳೇ ಅವ್ವಾ, ಜಮೀನಿನ ಅರ್ಜಿ ಬರ್ಕೊಡ್ತೀನಿ ಅಂದಾರೆ ಮೇಷ್ಟ್ರು” ಎಂದು ಹೊರಗಿನಿಂದ ಅವಳ ಮಗ ಕನ್ನಪ್ಪ ಕೂಗಿದ. “ಮಿಶಿನ್ನು ಮೂಕಾದ್ರೆ ಮೇಷ್ಟ್ರು ಹೊತ್ಕಂಡು ಹೋಗಿ ರಿಪೇರಿ ಮಾಡಿಸ್ತಾರೆ ಬಿಡು!”

ಹೊರಗಿದ್ದವರು ನಕ್ಕರು. ಹುಲಿಯಮ್ಮ ನಗಲಿಲ್ಲ. ಕತೆ ಶುರು ಮಾಡಿದಳು. ಪಟೇಲನೊಬ್ಬ ಗಡಿಕಲ್ಲು ಸರಿಸಿದ್ದನ್ನು ಮಾಸ್ತಮ್ಮ ಎಂಬವಳು ಕಂಡಿದ್ದಳು. ಅವಳು ಬಾಯಿ ಬಿಡಬಾರದೆಂದು ಅವನು ಮಾಟ ಮಾಡಿಸಿದ. ಕಪ್ಪೆಯ ಬಾಯನ್ನು ಕರಿದಾರದಲ್ಲಿ ಹೊಲಿದು ಅವಳ ಒಲೆಯ ಕೆಳಗೆ ಹೂತರು. ಪ್ರತಿ ಮಾತಿಗೂ ಹುಲಿಯಮ್ಮ ನಿಂತು ಶ್ಯಾಮನ ಮುಖ ನೋಡುತ್ತಿದ್ದಳು. ಅವನು ತುಟಿಯ ಮೇಲೆ ಬೆರಳಿಟ್ಟು ಕೂತಿದ್ದ. ಟೇಪು ಆ ಮೌನವನ್ನೂ ಸುತ್ತಿಕೊಂಡಿತು.

ಅವನ ಹೆಂಡತಿ ಜಲಜ ಸಾಗರದಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಟೇಪು ಕೇಳಿ ಕತೆಯನ್ನು ಬರೆದುಕೊಡುತ್ತಿದ್ದವಳು ಅವಳೇ.

“ದೆವ್ವಕ್ಕೆ ಡಾಕ್ಟರಾಗೋರ ಮನೇಲಿ ತಲೆನೋವಿಗೊಂದು ಗುಳಿಗೆ ಇಲ್ಲ” ಎಂದಳು ಮಿಶಿನ್ ಕಂಡೊಡನೆ.

“ಇದೊಂದು ಬರೆದುಕೊಡು ಮಾರಾಯ್ತಿ. ಮುಂದಿನ ಸೋಮವಾರ ವಿಭಾಗದಲ್ಲಿ ಇದರ ಮೇಲೇ ಮಾತಾಡಬೇಕು. ಮೆಚ್ಚಿದರೆ ಲೆಕ್ಚರರ್ ಕೆಲಸ.”

“ನೀವು ಅಲ್ಲಿ ಲೆಕ್ಚರರಾದ್ರೆ ಇಲ್ಲಿ ನನ್ನ ಶಾಲೆ ಮಕ್ಕಳಿಗೆ ಮಗ್ಗಿ ಯಾರ್ರೀ ಹೇಳಿಕೊಡೋದು?”

ಹುಲಿಯಮ್ಮನ ಎಚ್ಚರಿಕೆಯನ್ನು ಅವನು ಹೇಳಲಿಲ್ಲ. ಅದು ಹೇಳುವಂಥ ಸಂಗತಿ ಎಂದು ಅವನಿಗೆ ತೋರಲಿಲ್ಲ.

ಮುಸ್ಸಂಜೆ ಪೇಟೆಯಿಂದ ಹಿಂತಿರುಗಿದಾಗ ಬಾಗಿಲ ಹೊರಗೇ ಕೇಳಿಸಿತು. ಹೂಂ. ಸ್ವಲ್ಪ ಹೊತ್ತು ಮೌನ. ಮತ್ತೆ ಹೂಂ. ಒಳಗೆ ದೀಪ ಹಚ್ಚಿರಲಿಲ್ಲ. ನೆನೆದ ಒಲೆಬೂದಿಯ ವಾಸನೆ, ಅದರಡಿ ಏನೋ ಕೊಳೆತ ನಾತ. ಟೇಪು ಮುಗಿದು ಸ್ಪೂಲು ನಿಂತಿತ್ತು. ಜಲಜಳ ಹೂಂ ನಿಂತಿರಲಿಲ್ಲ.

“ಜಲಜಾ?”

“ಹೂಂ.”

“ಏನಾಯ್ತೇ?”

“ಹೂಂ.” ಅವಳ ಕಣ್ಣಿಂದ ನೀರಿಳಿಯುತ್ತಿತ್ತು.

ಬಾಯಿ ತೆರೆಯುತ್ತಿತ್ತು, ಅನ್ನ ಇಳಿಯುತ್ತಿತ್ತು. ಮಾತು ಮಾತ್ರ ಇಲ್ಲ. ಡಾಕ್ಟರು ಗಂಟಲು ನೋಡಿ ನರದ ನಿಶ್ಶಕ್ತಿ ಎಂದು ಟಾನಿಕ್ ಬರೆದರು. ತೀರ್ಥಹಳ್ಳಿಯ ಡಾಕ್ಟರೂ ಅದನ್ನೇ ಬರೆದರು. ಶಾಲೆಯಲ್ಲಿ ಮಕ್ಕಳು ಮಗ್ಗಿ ಒಪ್ಪಿಸಿದಾಗ ಸರಿಗೂ ಹೂಂ, ತಪ್ಪಿಗೂ ಹೂಂ. ಮಕ್ಕಳು ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಅತ್ತರು. ಹೆಡ್‌ಮಾಸ್ಟರು ರಜೆ ಹಾಕಲು ಹೇಳಿದರು.

ಶನಿವಾರ ಶ್ಯಾಮ ಹೊಸನಗರದ ಬಸ್ಸು ಹತ್ತಿದ.

“ಭಾನುವಾರ ಅಮಾಸೆ. ಅದು ದಾಟಿದ್ರೆ ಬಿಚ್ಚಲ್ಲ” ಎಂದಳು ಹುಲಿಯಮ್ಮ. “ಆ ಕತೆ ಮತ್ತೆ ಹಾಕಿ. ಪ್ರತಿ ಸಲ ನಿಮ್ಮ ಹೆಂಡ್ತಿಗಿಂತ ಮೊದ್ಲು ನೀವು ಹೂಂ ಅನ್ನಿ. ಕಡೇ ಹೂಂ ಯಾರ್ದೋ, ಮಾಟ ಅವ್ರದ್ದು.”

“ಹತ್ತು ಜನರನ್ನು ಕೂರಿಸಿದರೆ?”

“ಒಬ್ರಿಗೆ ಹತ್ತಿದ್ದು ಇನ್ನೊಬ್ರಿಗೇ ಇಳೀಬೇಕು. ಹಂಚೋ ಕಾಲ ಹೋತು.”

“ಕಡೆಯದನ್ನು ಯಾರೂ ಅನ್ನದಿದ್ದರೆ?”

“ಇಬ್ರ ಬಾಯೂ ಹೋಗ್ತದೆ” ಎಂದು ಅವಳು ಎದ್ದು ಒಳಗೆ ಹೋದಳು.

ಭಾನುವಾರ ಮಧ್ಯಾಹ್ನ ಅವನು ಜಲಜಳಿಗೆ ಎಲ್ಲವನ್ನೂ ಹೇಳಿದ. ಅವಳು ಅವನ ಕೈ ಹಿಡಿದು ಬೇಡವೆಂದು ತಲೆಯಾಡಿಸಿದಳು. “ತಪ್ಪು ನನ್ನದು. ನಾನೇ ತಗೊಳ್ತೀನಿ” ಎಂದ. ಸೋಮವಾರದ ಭಾಷಣಕ್ಕೆ ಹೋಗಲು ಸಂಜೆ ರೈಲಿಗೆಂದು ಕಟ್ಟಿಟ್ಟಿದ್ದ ಚೀಲವನ್ನು ಮೂಲೆಗೆ ಸರಿಸಿದ. ಕಿಟಕಿ ಮುಚ್ಚಿ ಸ್ವಿಚ್ಚು ಒತ್ತಿದ.

ಹುಲಿಯಮ್ಮನ ದನಿ ಎದ್ದಿತು. ನಿಂತಿತು.

“ಹೂಂ” ಎಂದ ಶ್ಯಾಮ.

ನಾಲಗೆ ತಣ್ಣಗಾಯಿತು. ಮತ್ತೆ ದನಿ. ಮತ್ತೆ ಹೂಂ. ಬಾಯೊಳಗೆ ಹಸಿ ಮಣ್ಣಿನ ರುಚಿ. ತುಟಿಯ ಕೊನೆಯಲ್ಲಿ ಏನೋ ಚುಚ್ಚಿತು, ಎಳೆಯಿತು. ಇನ್ನೊಂದು ಹೊಲಿಗೆ. ಹೂಂ. ಕೋಣೆಯಲ್ಲಿ ಬೂದಿಯ ನಾತ ದಟ್ಟವಾಯಿತು.

“ರೀ...” ಎಂದಳು ಜಲಜ.

ಅವಳೇ ಬೆಚ್ಚಿದಳು. “ಬಂತು! ಮಾತು ಬಂತು ರೀ! ಬಿಡಬೇಡಿ.” ತಾನು ಹೂಂ ಎನ್ನದಿರಲೆಂದು ಎರಡೂ ಅಂಗೈಗಳಿಂದ ಬಾಯಿ ಮುಚ್ಚಿಕೊಂಡಳು.

ಶ್ಯಾಮ ನಗಲು ನೋಡಿದ. ಅವಳ ಹೆಸರು ಕರೆಯಲು ನೋಡಿದ. ಆಗಲಿಲ್ಲ. ಸೋಮವಾರದ ಭಾಷಣದ ಮೊದಲ ವಾಕ್ಯ ನೆನಪಿತ್ತು, ಬಾಯಿಗೆ ಬರಲಿಲ್ಲ. ಎಂದಿಗೂ ಬರುವುದಿಲ್ಲ. ತುಂಬಿದ ಸಭೆ ಕಂಡಿತು. ಎಲ್ಲರೂ ಕೇಳುತ್ತಿದ್ದಾರೆ. ಅವನು ಹೂಂ ಎನ್ನುತ್ತಿದ್ದಾನೆ.

ಕತೆಯ ಕೊನೆಯ ಮಾತು ಬಂತು. ಹುಲಿಯಮ್ಮನ ದನಿ ನಿಂತಿತು.

ಟೇಪು ತಿರುಗುತ್ತಿತ್ತು. ಜಲಜ ಕಾಯುತ್ತಿದ್ದಳು. ತಾಳಗುಪ್ಪದ ಕಡೆಯಿಂದ ರೈಲು ಕೂಗಿತು. ಶ್ಯಾಮನ ಗಂಟಲಲ್ಲಿ ಹೂಂ ಇತ್ತು. ಅಲ್ಲೇ ಇತ್ತು. ಅವನು ಹಲ್ಲು ಕಚ್ಚಿದ. ಕಣ್ಣು ಮುಚ್ಚಿದ. ಉಸಿರು ಹಿಡಿದ.

ಕಣ್ಣು ತೆರೆದಾಗ ಜಲಜ ಅವನನ್ನೇ ನೋಡುತ್ತಿದ್ದಳು. ಅವನು ಏನು ಮಾಡುತ್ತಿದ್ದಾನೆಂದು ಅವಳಿಗೆ ತಿಳಿದಿತ್ತು. ಬಾಯಿಗೆ ಒತ್ತಿಟ್ಟ ಕೈಗಳನ್ನು ನಿಧಾನವಾಗಿ ತೆಗೆದಳು.

“ಹೂಂ” ಎಂದಳು.

ಟೇಪಿನ ತುದಿ ಸ್ಪೂಲಿನಿಂದ ಬಿಟ್ಟುಕೊಂಡು ಪಟಪಟ ಬಡಿಯತೊಡಗಿತು. ಅವನ ತುಟಿಯ ಬಿಗಿ ಸಡಿಲಿತು.

“ಜಲಜಾ, ನಾನು ಬೇಕೂಂತ ಮಾಡಲಿಲ್ಲ” ಎಂದ ಶ್ಯಾಮ. ಒಂದಕ್ಷರವೂ ತಡವರಿಸಲಿಲ್ಲ.

ಅವಳು ಮಿಶಿನ್ ಆರಿಸಿದಳು. ಮೂಲೆಯಲ್ಲಿದ್ದ ಚೀಲವನ್ನು ಎತ್ತಿ ತಂದು ಬಾಗಿಲ ಹೊರಗಿಟ್ಟಳು.