ಎಂಟು ಮೊಳದ ಸುತ್ತು

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಹೊನ್ನಗೊಂದಿ ಎಂಬ ಊರಿತ್ತು. ಅಲ್ಲಿಯ ಜನ ತುಂಬಾ ಒಳ್ಳೆಯವರು. ಇರುವೆ ಗೂಡಿಗೆ ಸಕ್ಕರೆ ಹಾಕುವರು, ದಾರಿಹೋಕರಿಗೆ ಮಜ್ಜಿಗೆ ಕೊಡುವರು, ತಾವು ಒಳ್ಳೆಯವರೆಂದು ದಿನಕ್ಕೆರಡು ಸಲ ಹೇಳಿಕೊಳ್ಳುವರು. ಹೊಸ ಮನೆ ಕಟ್ಟಿದರೆ ಮುಂದೆ ತುಳಸಿ ನೆಡುವುದು, ಹಿಂದೆ ಗೂಟ ನೆಟ್ಟು ನಾಯಿ ಕಟ್ಟುವುದು ಅಲ್ಲಿಯ ಪದ್ಧತಿ. ತುಳಸಿಗೆ ದಿನವೂ ನೀರು ಬೀಳುತ್ತಿತ್ತು. ನಾಯಿಯ ಬೋಗುಣಿಗೆ ಯಾರಿಗಾದರೂ ನೆನಪಾದಾಗ ಬೀಳುತ್ತಿತ್ತು.

ಆ ನಾಯಿಗಳ ಸರಪಳಿಗಳನ್ನೆಲ್ಲ ಮಾಡಿದವನು ವೀರೋಜನೆಂಬ ಕಮ್ಮಾರ. ಪ್ರತಿ ಕೊಂಡಿಯ ಮೇಲೂ ಎಳ್ಳುಹೂವಿನ ಗುರುತು ಒತ್ತುತ್ತಿದ್ದ. ತಾನು ಮಾಡಿದ್ದು ಎಂದೂ ಕಡಿಯುವುದಿಲ್ಲವೆಂದು ಅವನಿಗೆ ಹೆಮ್ಮೆ. ಅಪ್ಪ ಅಮ್ಮ ಇಲ್ಲದ ಆ ಮನೆಯಲ್ಲಿ ಅವನಿಗೆ ಇದ್ದವಳು ತಂಗಿ ನಾಗಲೆ ಒಬ್ಬಳೇ. ಹಿತ್ತಲಲ್ಲಿ ಒಂದು ನಾಯಿಯೂ ಇತ್ತು, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆ ಕಾಲಕ್ಕೆ ಊರಾಚೆಯ ಗುಡ್ಡದ ಮೇಲೆ ಸುತ್ತುಗಣ್ಣನೆಂಬ ಮಾಂತ್ರಿಕ ಬಂದು ಸೇರಿದ್ದ. ಅವನ ಕೋಟೆಗೆ ಕಲ್ಲಿನ ಗೋಡೆಯಿಲ್ಲ, ಗಿರಗಿರನೆ ತಿರುಗುವ ಸುಂಟರಗಾಳಿಯೇ ಗೋಡೆ. ಒಂದು ಬೆಳಿಗ್ಗೆ ನಾಗಲೆ ಹಿತ್ತಲ ಬಾವಿಗೆ ನೀರಿಗೆ ಹೋದಾಗ ಅವನು ಹದ್ದಾಗಿ ಇಳಿದು ಅವಳನ್ನು ಹೊತ್ತೊಯ್ದ. ನಾಯಿ ಬೊಗಳಿತು, ಸರಪಳಿ ಜಗ್ಗಿತು, ಕೊರಳು ಹರಿಯುವಂತೆ ಕೂಗಿತು. ಕುಲುಮೆಯಲ್ಲಿದ್ದ ವೀರೋಜ "ಏಯ್, ಸುಮ್ಮನಿರು!" ಎಂದು ಗದರಿ ಕಿಟಕಿಯಿಂದ ಒಂದು ಕಲ್ಲು ಬೀಸಿದ. ಬಾವಿ ಗೂಟದಿಂದ ಇಪ್ಪತ್ತು ಮೊಳ ದೂರದಲ್ಲಿತ್ತು, ಸರಪಳಿ ಇದ್ದದ್ದು ಎಂಟು ಮೊಳ.

ಗುಡ್ಡದ ಮೇಲಿಂದ ಮಾಂತ್ರಿಕನ ಕೂಗು ಕೇಳಿತು: "ಹುಣ್ಣಿಮೆಯ ಸಂಜೆಗೆ ಈ ಹುಡುಗಿ ತಾಮ್ರದ ಬೊಂಬೆಯಾಗುತ್ತಾಳೆ! ತಾಕತ್ತಿದ್ದವರು ಬನ್ನಿ!"

ಹುಣ್ಣಿಮೆಗೆ ನಾಲ್ಕು ದಿನವಿತ್ತು. ವೀರೋಜ ಒಂದೇ ಉಸಿರಿಗೆ ಕತ್ತಿಯೊಂದನ್ನು ಬಡಿದು, ಸಾಣೆ ಹಿಡಿದು, ಗುಡ್ಡ ಹತ್ತಿದ.

ಮೊದಲ ಕಣಿವೆಯಲ್ಲಿ ಹೆಬ್ಬಾಗಿಲಿನಷ್ಟು ದೊಡ್ಡ ಹುಲಿ ಅಡ್ಡ ನಿಂತಿತ್ತು. ಅದರ ಕೊರಳ ಸುತ್ತ ಬಳೆಯಂತೆ ಕೂದಲು ಉದುರಿಹೋಗಿತ್ತು.

"ಕತ್ತಿ ಒಳಗಿಡು" ಎಂದಿತು ಹುಲಿ. "ನನ್ನದು ಒಂದೇ ಪ್ರಶ್ನೆ. ನಿನ್ನ ಹಿತ್ತಲ ನಾಯಿಯ ಹೆಸರೇನು?"

ಹಲ್ಲಿಗೆ, ಉಗುರಿಗೆ ಸಿದ್ಧನಾಗಿ ಬಂದಿದ್ದ ವೀರೋಜ ಇದಕ್ಕೆ ಸಿದ್ಧನಾಗಿರಲಿಲ್ಲ. ಅದಕ್ಕೆ ಹೆಸರೇ ಇರಲಿಲ್ಲ. ಆದರೂ ಎದೆ ಸೆಟೆಸಿ "ಭೈರ" ಎಂದ. ಕತ್ತಿಯ ತುದಿ ತುಕ್ಕಾಗಿ ಉದುರಿತು.

"ಹೋಗು" ಎಂದು ಹುಲಿ ಸರಿದು ನಿಂತಿತು. "ಸುಳ್ಳು ಹೇಳುವವರನ್ನು ನಾನು ತಡೆಯೋದಿಲ್ಲ."

ಎರಡನೆಯ ಕಣಿವೆಯಲ್ಲಿ ಕರಡಿ ಕೂತಿತ್ತು. ಅದರ ಕೊರಳಲ್ಲೂ ಅದೇ ಬೋಳು ಬಳೆ.

"ಹೋದ ವೈಶಾಖದಲ್ಲಿ ಆಲಿಕಲ್ಲು ಬಿತ್ತಲ್ಲ, ಆಗ ನಿನ್ನ ನಾಯಿ ಎಲ್ಲಿತ್ತು?" ಎಂದು ಕೇಳಿತು.

ವೀರೋಜನಿಗೆ ಚೆನ್ನಾಗಿ ನೆನಪಿತ್ತು. ಅವನೂ ನಾಗಲೆಯೂ ಅಂಗಳದಿಂದ ಆಲಿಕಲ್ಲು ಆಯ್ದು, ಬಟ್ಟಲಲ್ಲಿ ತುಂಬಿ, ನಗುನಗುತ್ತ ತಿಂದಿದ್ದರು. ಹಿಂದಿನಿಂದ ಕುಂಯ್‌ಗುಟ್ಟುವ ಸದ್ದು ಬರುತ್ತಿತ್ತು. ಅವನೇ ಎದ್ದುಹೋಗಿ ಹಿಂಬಾಗಿಲು ಹಾಕಿ ಬಂದಿದ್ದ.

"ಸೂರಿನ ಕೆಳಗೆ ನಿಂತಿತ್ತು" ಎಂದ. ಸೂರಿಗೆ ಮುಟ್ಟಬೇಕಾದರೆ ಸರಪಳಿ ಇನ್ನೂ ಆರು ಮೊಳ ಉದ್ದವಿರಬೇಕಾಗಿತ್ತು. ಅಳೆದು ಕಡಿದವನಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ಕತ್ತಿ ಹಿಡಿಯವರೆಗೂ ತುಕ್ಕಾಗಿ ಉದುರಿತು. ಕರಡಿ ಮುಖ ತಿರುಗಿಸಿಕೊಂಡು ದಾರಿ ಬಿಟ್ಟಿತು.

ಮೂರನೆಯ ಕಣಿವೆಯಲ್ಲಿ ಯಾವ ದೊಡ್ಡ ಮೃಗವೂ ಇರಲಿಲ್ಲ. ಮುದಿ ಹೆಣ್ಣುನಾಯಿಯೊಂದು ದಾರಿಗಡ್ಡ ಮಲಗಿತ್ತು. ಅದು ತಲೆ ಎತ್ತಿ ಮೆಲ್ಲಗೆ ಕೇಳಿತು: "ನಿನ್ನ ಕೈ ಅದರ ತಲೆ ಮೇಲೆ ಯಾವತ್ತು ಬಿತ್ತು, ಮಗಾ?"

ವೀರೋಜನ ಕೈಯಲ್ಲಿ ಬರೀ ಹಿಡಿ ಉಳಿದಿತ್ತು. ಇನ್ನೊಂದು ಸುಳ್ಳು ಬಾಯಿಗೆ ಬಂತು, ಅದನ್ನು ನುಂಗಿದ. ಹಿಡಿಯನ್ನು ಕೆಳಗಿಟ್ಟು ನಾಯಿಯ ಎದುರು ಕೂತ.

"ಒಂದು ದಿನವೂ ಬಿದ್ದಿಲ್ಲ" ಎಂದ. "ಹೆಸರೂ ಇಟ್ಟಿಲ್ಲ. ಆಲಿಕಲ್ಲು ಬಿದ್ದಾಗ ಬಾಗಿಲು ಹಾಕಿಕೊಂಡೆ. ತಂಗಿಯನ್ನು ಹೊತ್ತೊಯ್ಯುವಾಗ ಕೂಗಿ ಹೇಳಿತು, ಕಲ್ಲು ಹೊಡೆದೆ."

"ನನ್ನ ತಲೆ ಮೇಲೆ ಬಿದ್ದಿತ್ತು" ಎಂದಿತು ನಾಯಿ. "ನಿನಗಾಗ ನಾಲ್ಕು ವರ್ಷ. ಜ್ವರ ಬಿಟ್ಟ ದಿನ ಹಿತ್ತಲಿಗೆ ಬಂದು, ನಿನ್ನ ಕೈಯ ಕೆಂಪು ದಾರ ಬಿಚ್ಚಿ ನನ್ನ ಕೊರಳಿಗೆ ಕಟ್ಟಿದ್ದೆ. ಅದೇ ಗೂಟದಲ್ಲಿ ಹನ್ನೊಂದು ವರ್ಷ ಇದ್ದೆ. ಆ ದಿನ ತುಂಬಾ ಚೆನ್ನಾಗಿತ್ತು."

ಬಣ್ಣ ಮಾಸಿದ ದಾರ ಆ ಬೋಳು ಕೊರಳಲ್ಲಿ ಇನ್ನೂ ಇತ್ತು. ನಾಯಿ ಕಚ್ಚಿದ್ದರೆ ವೀರೋಜ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆಯಲಾಗದೆ ಮುಖ ಮುಚ್ಚಿಕೊಂಡು ಅತ್ತ.

"ಅತ್ತಿದ್ದು ಸಾಕು, ಹೊತ್ತಿಲ್ಲ" ಎಂದಿತು ಮುದಿ ನಾಯಿ. "ಸುತ್ತುಗಣ್ಣನಿಗೆ ಸ್ವಂತ ಶಕ್ತಿ ಅಂತ ಏನೂ ಇಲ್ಲ. ನಿಮ್ಮ ಹಿತ್ತಲುಗಳಲ್ಲಿ ಕಟ್ಟಿಹಾಕಿದ ನಾಯಿಗಳು ಗೂಟ ಸುತ್ತುತ್ತವಲ್ಲ, ಆ ಸುತ್ತನ್ನೇ ಹಿಡಿದು ಗಾಳಿ ಮಾಡಿಕೊಂಡಿದ್ದಾನೆ. ಆ ಹುಲಿ, ಆ ಕರಡಿ, ನಾವೆಲ್ಲ ನಿಮ್ಮೂರ ಗೂಟಗಳಲ್ಲೇ ಸತ್ತ ನಾಯಿಗಳು. ಸತ್ತಮೇಲೂ ಅವನು ತನಗೆ ಬೇಕಾದ ರೂಪ ಕೊಟ್ಟು ನಮ್ಮನ್ನು ಕಾವಲಿಗೇ ಹಾಕಿದ. ಹಿಂದಕ್ಕೆ ಹೋಗು. ಅವನ ಬೇರು ನಿನ್ನ ಮನೆಯ ಹಿಂದಿದೆ."

ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆಯೇ? ವೀರೋಜ ಬಿದ್ದು ಎದ್ದು ಮನೆಗೆ ಓಡಿಬಂದು, ಮೊದಲ ಸಲ ತನ್ನ ಹಿತ್ತಲನ್ನು ನೋಡಿದ. ಗೂಟದ ಸುತ್ತ ಹುಲ್ಲುಕಡ್ಡಿ ಇಲ್ಲ. ಕಾಲು ಸವೆಸಿದ ನೆಲ ದುಂಡಗೆ, ಗಟ್ಟಿಯಾಗಿ, ಹೊಳೆಯುತ್ತಿತ್ತು. ನೀರಿನ ಬೋಗುಣಿ ಮಗುಚಿ ಬಿದ್ದಿತ್ತು. ಸರಪಳಿಯ ಕೊಂಡಿ ಕೊಂಡಿಯಲ್ಲೂ ಅವನದೇ ಎಳ್ಳುಹೂವು.

ಉಳಿ ಸುತ್ತಿಗೆ ತಂದು ಕೊರಳಪಟ್ಟಿಯನ್ನು ಕತ್ತರಿಸಿದ. ತಲೆ ಸವರಲು ಕೈ ಎತ್ತಿದಾಗ ನಾಯಿ ಕಣ್ಣು ಮುಚ್ಚಿ ನೆಲಕ್ಕೆ ಒತ್ತಿಕೊಂಡಿತು. ಕೈ ಬಿದ್ದದ್ದು ಪೆಟ್ಟಲ್ಲವೆಂದು ತಿಳಿದ ಕೂಡಲೇ ಬಾಲ ಅಲ್ಲಾಡಿಸಿತು. ದೂರದ ಗುಡ್ಡದ ಮೇಲೆ ಗಾಳಿ ಒಮ್ಮೆ ಮುಗ್ಗರಿಸಿತು.

ಆದರೆ ಒಂದು ಹಿತ್ತಲಿನಿಂದ ಕೆಲಸ ಮುಗಿಯುವಂತಿರಲಿಲ್ಲ. ವೀರೋಜ ಉಳಿ ಹಿಡಿದು ಮನೆಮನೆಗೂ ಹೋದ, ಬಾಗಿಲಲ್ಲಿ ನಿಂತು ತನ್ನ ತಪ್ಪನ್ನು ತಾನೇ ಹೇಳಿದ. ಕೆಲವರು ನಕ್ಕರು. ನಗುವವರು ಮೊದಲು ತಮ್ಮ ಹಿತ್ತಲಿಗೆ ಹೋಗಿಬಂದು ಆಮೇಲೆ ನಗಲಿ.

"ನಾಯಿ ಬಿಚ್ಚಿದರೆ ಕಳ್ಳರು ಬರಲ್ವೇನಪ್ಪಾ?" ಎಂದಳು ಊರ ಹಿರಿಯಳು ಮುದ್ದಜ್ಜಿ.

"ಕಳ್ಳ ಬಂದಿದ್ದ ಅಜ್ಜಿ. ನಮ್ಮ ನಾಗಲೆಯನ್ನೇ ಎತ್ತಿಕೊಂಡು ಹೋದ. ನಾಯಿ ನೋಡುತ್ತಲೇ ಇತ್ತು, ನಾನು ಕಟ್ಟಿಹಾಕಿದ್ದೆ."

ಮುದ್ದಜ್ಜಿ ತನ್ನ ಹಿತ್ತಲ ಕಡೆ ನೋಡಿದಳು. ಆಮೇಲೆ ಅವನಿಗೆ ದಾರಿ ಬಿಟ್ಟಳು. ಅವಳ ಹಿಂದೆ ಊರೂ ತಲೆ ತಗ್ಗಿಸಿ ಹಿತ್ತಲಿಗೆ ನಡೆಯಿತು.

ಹುಣ್ಣಿಮೆಯ ಸಂಜೆ, ಚಂದ್ರ ಏಳುವ ಮುಂಚೆ, ಕೊನೆಯ ಸರಪಳಿ ಕಳಚಿ ಬಿತ್ತು. ಗಾಳಿ ನಿಂತಿತು. ವರ್ಷಗಟ್ಟಲೆ ಸುತ್ತುವುದರೊಳಗೇ ಬದುಕಿದ್ದ ಸುತ್ತುಗಣ್ಣನಿಗೆ ನಿಂತ ಲೋಕವನ್ನು ಕಂಡು ತಲೆ ತಿರುಗಿತು. ಬಿದ್ದವನು ಒಂದು ಬೊಗಸೆ ಧೂಳಾದ. ಹುಲಿಗೂ ಕರಡಿಗೂ ಮುದಿ ನಾಯಿಗೂ ಕಾವಲಿನಿಂದ ಬಿಡುಗಡೆಯಾಗಿ, ಅವು ಕಣ್ಮರೆಯಾದವು. ಗುಡ್ಡ ಇಳಿದುಬಂದ ನಾಗಲೆಯ ಕೈಯಲ್ಲಿ ಮಾಸಿದ ಕೆಂಪು ದಾರವಿತ್ತು. ವೀರೋಜ ಅದನ್ನು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡ. ಮತ್ತೆಂದೂ ಕೊರಳಿಗೆ ಸರಪಳಿ ಮಾಡಲಿಲ್ಲ.

ಹೊನ್ನಗೊಂದಿಯ ಹಿತ್ತಲುಗಳಲ್ಲಿ ಹುಲ್ಲು ಬಂತು, ನಾಯಿಗಳು ಜಗಲಿಗೆ ಬಂದವು, ಎಲ್ಲರೂ ಸುಖವಾಗಿದ್ದರು. ವೀರೋಜನ ಹಿತ್ತಲಲ್ಲಿ ಮಾತ್ರ ಹುಲ್ಲು ಬರಲಿಲ್ಲ. ಗೂಟ ಕಿತ್ತರೂ, ಸರಪಳಿ ಕಳಚಿದರೂ, ಅವನ ನಾಯಿ ಅದೇ ದುಂಡು ದಾರಿಯಲ್ಲಿ ಸುತ್ತುತ್ತಲೇ ಇತ್ತು. ಎಂಟನೆಯ ಮೊಳಕ್ಕೆ ಬಂದರೆ ಜಗ್ಗಿದಂತೆ ನಿಂತುಬಿಡುತ್ತಿತ್ತು.

ವೀರೋಜ ದಿನವೂ ಕುಲುಮೆ ಬಿಟ್ಟು ಆ ಸುತ್ತಿನ ಹೊರಗೆ ಕೈಯಲ್ಲಿ ರಾಗಿಮುದ್ದೆ ಹಿಡಿದು ಕೂರುತ್ತಿದ್ದ.

"ಒಂದು ಹೆಸರಿಟ್ಟು ಕರಿ ಅಣ್ಣಾ" ಎಂದಳು ನಾಗಲೆ.

ಹದಿನೇಳನೆಯ ದಿನ ಅವನಿಗೆ ಬಾಯಿ ಬಂತು. "ಭೈರಾ" ಎಂದ.

ನಾಯಿ ಹಿಂದೆ ತಿರುಗಿ ನೋಡಿತು, ಯಾರನ್ನೋ ಕರೆಯುತ್ತಿದ್ದಾನೆಂದು. ಹಿಂದೆ ಯಾರೂ ಇರಲಿಲ್ಲ. ಆಗ ಒಂದು ಕಾಲನ್ನು ಸುತ್ತಿನ ಹೊರಗಿಟ್ಟಿತು, ಇನ್ನೊಂದನ್ನೂ ಇಟ್ಟಿತು. ಬಂದು ಅವನ ಮೊಣಕಾಲ ಮೇಲೆ ತಲೆಯಿಟ್ಟು ಬಾಲ ಅಲ್ಲಾಡಿಸಿತು. ಅದಕ್ಕೆ ಅವನ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಬಹುದಾಗಿತ್ತು.