ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಹೊಸ ಪಿಕಪ್‌ನಲ್ಲಿ ಎಡಗಾಲಿಗೆ ಕೆಲಸವೇ ಇರಲಿಲ್ಲ. ಅಂಜನಮೂರ್ತಿಯನ್ನು ಕೊಲ್ಲಬೇಕೆಂದು ಷಡಕ್ಷರಿಗೆ ಅನ್ನಿಸಲು ಅಷ್ಟೇ ಸಾಕಾಯಿತು.

ಇಬ್ಬರೂ ಇಪ್ಪತ್ತಾರು ವರ್ಷಗಳಿಂದ ಪಾಲುದಾರರು. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಅವರದೊಂದು ಶೆಡ್ಡು. ಗುಬ್ಬಿ, ಕುಣಿಗಲ್ ಕಡೆಯ ತೋಟಗಳಿಗೆ ಹೋಗಿ, ಬೋರ್‌ವೆಲ್ಲಿನಲ್ಲಿ ಕೆಟ್ಟು ಕೂತ ಮೋಟಾರುಗಳನ್ನು ಮೇಲೆತ್ತಿ ಕೊಡುವುದು ಕಸುಬು. ಅಂಜನಮೂರ್ತಿ ಕೊಳವೆಯ ಬಾಯಲ್ಲಿ ಕೂತು, ಪೈಪು ಜಾರದಂತೆ ಅದಕ್ಕೆ ಕ್ಲ್ಯಾಂಪ್ ಬಿಗಿಯುವವನು. ಷಡಕ್ಷರಿ ಪೈಪಿನ ಹಗ್ಗವನ್ನು ಗಾಡಿಗೆ ಕಟ್ಟಿ ಎಳೆಯುವವನು. ಆರುನೂರು ಅಡಿ ಆಳದ ಭಾರವನ್ನು ಫಸ್ಟ್ ಗೇರಿನಲ್ಲಿ, ಅರ್ಧ ಕ್ಲಚ್ಚಿನಲ್ಲಿ, ಅಂಗುಲ ಅಂಗುಲವಾಗಿ ಎಳೆದು ನಿಲ್ಲಿಸಬೇಕು. ಅದು ಅವನ ಎಡಗಾಲಿಗೆ ಮಾತ್ರ ಗೊತ್ತಿದ್ದ ವಿದ್ಯೆ. ರೈತರು ಅವನ ಹೆಸರು ಹೇಳಿಕೊಂಡೇ ಶೆಡ್ಡಿಗೆ ಬರುತ್ತಿದ್ದರು.

ಹೋದ ವರ್ಷ ಕೊತ್ತಗೆರೆಯಲ್ಲಿ ಆ ಕಾಲು ಜಾರಿತು. ಒಂದೇ ಒಂದು ಸಲ. ಪೈಪು ಸರ್ರನೆ ಕೆಳಗಿಳಿಯಿತು, ಅಂಜನಮೂರ್ತಿಯ ಬಲಗೈಯ ಎರಡು ಬೆರಳು ಕ್ಲ್ಯಾಂಪಿನಡಿ ಜಜ್ಜಿ ಉದುರಿದವು. ಅವನು ಬೈಯಲಿಲ್ಲ, ಕೂಗಾಡಲಿಲ್ಲ. ಗಾಯ ಮಾಯ್ದ ಮೇಲೆ ಷಡಕ್ಷರಿಯನ್ನೂ ಕರೆದುಕೊಂಡು ಶೋರೂಮಿಗೆ ಹೋಗಿ, ದೊಡ್ಡ ಡೀಸೆಲ್ ಎಂಜಿನ್ನಿನ ಆಟೋಮ್ಯಾಟಿಕ್ ಗಾಡಿಯ ಮುಂದೆ ನಿಂತ.

"ಎಂಜಿನ್ ದೊಡ್ಡದಿರ್ಲಿ ಬುಡು, ಒಪ್ಕೋತೀನಿ," ಅಂದ ಷಡಕ್ಷರಿ. "ಗೇರ್ ಮಾತ್ರ ನನ್ ಕೈಲಿರ್ಬೇಕು. ಕೆಟ್ರೆ ಗುಬ್ಬಿಲೇ ರಿಪೇರಿ ಆಯ್ತದೆ. ಇದು ಕೆಟ್ರೆ ಯಾವನ್ಲಾ ಬಿಚ್ತಾನೆ?"

"ವರ್ಷಕ್ಕೆರಡು ಕ್ಲಚ್ ಪ್ಲೇಟ್ ಸುಡ್ತೀಯಲ್ಲ, ಅದು? ಇದ್ರಲ್ಲಿ ಸುಡಕ್ಕೆ ಕ್ಲಚ್ಚೇ ಇಲ್ಲ ಕಣೋ. ಬ್ರೇಕ್ ಮೇಲಿಂದ ಕಾಲ್ ತೆಗೆದ್ರೆ ತಾನೇ ತೆವಳ್ತದೆ. ನಮ್ ಪೂಜಾನೂ ಎಳೀಬೋದು."

ಪೂಜಾ ಅಂಜನಮೂರ್ತಿಯ ಮಗಳು, ಬಿಕಾಂ ಓದುತ್ತಿದ್ದಳು. ಶೋರೂಮಿನವನು ಲಿವರ್ ಹಿಡಿದು ಪಿ, ಆರ್, ಎನ್, ಡಿ ಎಂದು ವಿವರಿಸತೊಡಗಿದಾಗ ಷಡಕ್ಷರಿ ಮುಖ ಸಿಂಡರಿಸಿಕೊಂಡು ಹೊರಗೆ ಹೋಗಿ ಬೀಡಿ ಹಚ್ಚಿದ.

ತಿಂಗಳೊಳಗೆ ಪೂಜಾ ನಿಜಕ್ಕೂ ಎಳೆದಳು. ಒಂದು ಕೈಯಲ್ಲಿ ಮೊಬೈಲ್ ಹಿಡಿದೇ ಐನೂರು ಅಡಿ ಪೈಪ್ ಎತ್ತಿದಳು. ತೋಟದವರು ನಕ್ಕು, "ಇನ್ಮೇಲೆ ನೀನ್ ಟೀ ತರೋಕ್ ಹೋಗಪ್ಪ," ಎಂದು ಷಡಕ್ಷರಿಯ ಬೆನ್ನು ತಟ್ಟಿದರು. ಆ ನಗು ಅವನ ಹೊಟ್ಟೆಯಲ್ಲಿ ಕೆಂಡವಾಗಿ ಉಳಿಯಿತು. ಆ ಹುಡುಗಿಯ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಅವಳಪ್ಪನ ಮೇಲೆ.

ಉಪಾಯ ಸರಳವಾಗಿತ್ತು, ಅದಕ್ಕೇ ಚೆನ್ನಾಗಿತ್ತು. ಗಾಡಿ ನಿಲ್ಲಿಸಿದೊಡನೆ ಅಂಜನಮೂರ್ತಿ ಕೀಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ. ಮೊದಲೆಲ್ಲ ಇಳಿಜಾರಿನಲ್ಲಿ ಚಕ್ರದಡಿ ಕಲ್ಲಿಡುತ್ತಿದ್ದವನು ಈಗ ಅದನ್ನೂ ಬಿಟ್ಟಿದ್ದ. "ಪಿ ಅಂದ್ರೆ ಪಾರ್ಕಿಂಗು, ಗಾಡಿ ಒಳಗೇ ಇರೋ ಕಲ್ಲು ಕಣೋ," ಅನ್ನುತ್ತಿದ್ದ. ಆ ಲಿವರನ್ನು ಪಿಯಿಂದ ಎನ್‌ಗೆ, ಅಂದರೆ ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಇಳಿಸಿದರೆ ಮುಗಿಯಿತು, ಎರಡು ಟನ್ನು ತಾನಾಗಿ ಉರುಳುತ್ತದೆ. ಪೊಲೀಸರು ನೋಡುವುದೇನು? ಗಾಡಿ ನ್ಯೂಟ್ರಲ್‌ನಲ್ಲಿದೆ, ಕೀ ಸತ್ತವನ ಸೊಂಟದಲ್ಲಿದೆ. ಪಾಪ, ಮರೆತು ಇಳಿದಿದ್ದಾನೆ ಅನ್ನುತ್ತಾರೆ. ಹಳೆಯ ಗಾಡಿಗಳಲ್ಲಿ ಹಾಗೆ ಸತ್ತ ಮೂವರನ್ನು ಷಡಕ್ಷರಿಯೇ ನೋಡಿದ್ದ.

ಇನ್ನೊಂದು ಕೀ ಶೆಡ್ಡಿನ ದೇವರ ಗೂಡಿನಲ್ಲಿತ್ತು. ಗಾಡಿ ಪೂಜೆಯ ದಿನ ಎರಡಕ್ಕೂ ಕೆಂಪು ದಾರ ಕಟ್ಟಿಸಿದ್ದರು. ಅಂಜನಮೂರ್ತಿಯದು ಬೆವರಿಗೆ ಕಪ್ಪಾಗಿತ್ತು, ಗೂಡಿನದು ಇನ್ನೂ ಹೊಚ್ಚಹೊಸದಾಗಿ ಕೆಂಪಗಿತ್ತು. ಆ ಶೆಡ್ಡಿನ ಬೀಗ ತೆಗೆಯುವವರು ಅವರಿಬ್ಬರೇ. ಷಡಕ್ಷರಿ ಮೂರು ಸಲ ಶೆಡ್ಡಿನೊಳಗೇ ಅಭ್ಯಾಸ ಮಾಡಿದ. ಕೀ ತಿರುಗಿಸು, ಬ್ರೇಕ್ ಒತ್ತು, ಪಿಯಿಂದ ಎನ್‌ಗೆ. ಮತ್ತೆ ಮೊದಲಿದ್ದಂತೆ ಪಿಗೆ ತಂದು, ಕೀ ತೆಗೆದು ಗೂಡಿಗಿಟ್ಟ. ಮೂರು ಸಲವೂ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು.

ಗುಬ್ಬಿಯ ಹತ್ತಿರ ಮೂಡಲಗಿರಿಯಪ್ಪನ ತೋಟ ಸಿಕ್ಕಿತು. ಇಳಿಜಾರು, ಕೆಳಗೆ ಬೋರ್‌ವೆಲ್, ಅದರ ಬೆನ್ನಿಗೇ ಪಂಪ್‌ಹೌಸಿನ ಕಲ್ಲಿನ ಗೋಡೆ. ಗಾಡಿ ಮೂತಿ ಕೆಳಗಾಗಿ ಮೇಲುಗಡೆ ನಿಂತಿತ್ತು. ಮಧ್ಯಾಹ್ನ ಮೂಡಲಗಿರಿಯಪ್ಪ ಎಲ್ಲರನ್ನೂ ಮುದ್ದೆ ಊಟಕ್ಕೆ ಕರೆದ.

"ನೀವ್ ನಡೀರಿ, ಈ ಕ್ಲ್ಯಾಂಪ್ ಬಿಗಿದು ಬತ್ತೀನಿ," ಅಂದ ಅಂಜನಮೂರ್ತಿ. ಅವನು ಯಾವಾಗಲೂ ಹಾಗೇ.

"ನಾನ್ ಗುಬ್ಬಿಗೋಗಿ ಬೋಲ್ಟ್ ತತ್ತೀನಿ," ಅಂದ ಷಡಕ್ಷರಿ. ಮೊಪೆಡ್ಡನ್ನು ಬೇಲಿಯಾಚೆ ನಿಲ್ಲಿಸಿ ನಡೆದೇ ವಾಪಸಾದ. ಸದ್ದಿಲ್ಲದೆ ಗಾಡಿ ಹತ್ತಿ, ಗೂಡಿನಿಂದ ತಂದಿದ್ದ ಕೀ ಹಾಕಿದ, ಬ್ರೇಕ್ ಒತ್ತಿದ, ಎನ್‌ಗೆ ತಂದು ಹ್ಯಾಂಡ್‌ಬ್ರೇಕ್ ಇಳಿಸಿದ. ಕೀ ತೆಗೆದರೆ ಸ್ಟೇರಿಂಗ್ ಬಿಗಿಯುತ್ತದೆ, ಗುರಿ ತಪ್ಪುತ್ತದೆ ಎಂದು ಅದನ್ನು ಅಲ್ಲೇ ಬಿಟ್ಟ. ಎಷ್ಟು ಯೋಚಿಸಿದ್ದ ನೋಡಿ! ಬ್ರೇಕ್ ಮೇಲಿಂದ ಕಾಲು ತೆಗೆದ.

ಎಂಜಿನ್ ಸದ್ದಿಲ್ಲ, ಬರೀ ಚಕ್ರದಡಿಯ ಗರಸುಕಲ್ಲಿನ ಸದ್ದು. ಅಂಜನಮೂರ್ತಿ ತಿರುಗಿ ಎದ್ದು ನಿಲ್ಲುವಷ್ಟರಲ್ಲಿ ಬಂಪರ್ ಅವನ ಸೊಂಟವನ್ನು ಗೋಡೆಗೆ ಒತ್ತಿತು. ಒಣ ತೆಂಗಿನ ಮಟ್ಟೆ ಮುರಿದಂತೆ ಮೂಳೆ ಲಟಲಟನೆ ಮುರಿದವು. ಬಾಯಿಂದ ರಕ್ತ ಬಾನೆಟ್ಟಿನ ಮೇಲೆ ಸುರಿಯಿತು. ಮೂರು ಬೆರಳಿನ ಕೈ ಬಾನೆಟ್ಟನ್ನು ಬಡಿಯುತ್ತಿತ್ತು.

"ಷಡಕ್ಷರಿ... ರಿವರ್ಸ್ ಹಾಕೋ... ಲೋ, ಹಿಂದಕ್ ತಗೊಳ್ಳೋ..."

ಪಾಪ, ಕಾಲು ಜಾರಿದೆ ಎಂದೇ ಅವನು ನಂಬಿದ್ದ. ಷಡಕ್ಷರಿ ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿಕೊಂಡು ಕೂತ. ಆಗ ಅಂಜನಮೂರ್ತಿಗೆ ಅರ್ಥವಾಯಿತು. ಒಂದು ಸಲ ದೊಡ್ಡದಾಗಿ ಕಿರುಚಿ, ತಲೆಯನ್ನು ಬಾನೆಟ್ಟಿನ ಮೇಲೆ ಇಟ್ಟ. ಕೈ ನಿಂತಿತು.

"ಏನ್ಲಾ ಅದು ಕೂಗು?" ಮನೆಯ ಕಡೆಯಿಂದ ಮೂಡಲಗಿರಿಯಪ್ಪನ ದನಿ, ಓಡಿ ಬರುವ ಕಾಲುಗಳ ಸದ್ದು. ಷಡಕ್ಷರಿ ಗಾಬರಿಯಾಗಲಿಲ್ಲ. ಕೀ ಕಿತ್ತುಕೊಂಡು ಬೇಲಿ ದಾಟಲು ಒಂದು ನಿಮಿಷ ಸಾಕು. ಕೀ ತಿರುಗಿಸಿ ಎಳೆದ.

ಬರಲಿಲ್ಲ. ಜೋರಾಗಿ ತಿರುಗಿಸಿದ, ಅರ್ಧಕ್ಕೇ ನಿಂತಿತು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಕಾಲು ಕೆಳಗಿಳಿದು, ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿ ಬರಿದೇ ನೆಲ ಒತ್ತಿತು. ಶೆಡ್ಡಿನಲ್ಲಿ ಮೂರು ಸಲವೂ ಪಿಗೆ ಹಾಕಿದ ಮೇಲೆಯೇ ಕೀ ತೆಗೆದದ್ದು ಈಗ ನೆನಪಾಯಿತು. ಪಿಗೆ ಹಾಕಿದರೆ ಕೀ ಬರುತ್ತದೆ, ಆದರೆ ಒಳಗೆ ಕಲ್ಲಿಟ್ಟುಕೊಂಡ ಗಾಡಿ ಉರುಳಿದ್ದು ಹೇಗೆ ಎಂದು ಪೊಲೀಸರು ಕೇಳುತ್ತಾರೆ. ಎನ್‌ನಲ್ಲೇ ಬಿಟ್ಟರೆ ಕೆಂಪು ದಾರದ ಕೀ ಇಲ್ಲೇ ನೇತಾಡುತ್ತದೆ, ಕಪ್ಪು ದಾರದ್ದು ಹೆಣದ ಸೊಂಟದಲ್ಲಿ. "ಷಡಕ್ಷರಿ? ನೀನ್ ಗುಬ್ಬಿಗೋಗಿದ್ದಲ್ಲಪ್ಪ?" ಕಿಟಕಿಯ ಪಕ್ಕದಲ್ಲೇ ಮೂಡಲಗಿರಿಯಪ್ಪ ಕೇಳಿದ. ಷಡಕ್ಷರಿ ಇನ್ನೂ ಜಗ್ಗುತ್ತಲೇ ಇದ್ದ. ಅಂದು ಅವನು ಬೀಡಿ ಹಚ್ಚಲು ಹೊರಗೆ ಹೋದ ಮೇಲೆ ಶೋರೂಮಿನವನು ಅಂಜನಮೂರ್ತಿಗೆ ಹೇಳಿದ್ದು ಇದನ್ನೇ ಇರಬೇಕು: ಲಿವರ್ ಪಿಗೆ ಬಾರದೆ ಈ ಗಾಡಿ ಕೀ ಬಿಟ್ಟುಕೊಡುವುದಿಲ್ಲ.