ಅವ್ವನ ಬೇರಿನ ಸೇವಂತಿಗೆ

"ಕೈ ತೆಗೀರಿ! ಅದು ಕಾಂಗ್ರೆಸ್ ಕಸ ಅಲ್ಲ!"

ಅನುರಾಧಾ ಓಡಿ ಬರುವಷ್ಟರಲ್ಲಿ ಗಿಡ ಬೇರುಸಮೇತ ಅವನ ಕೈಯಲ್ಲಿತ್ತು.

ಮೊದಲ ಮಳೆಗೆ ಎದ್ದ ಕಸವನ್ನು ದೇವಾಪುರದ ಪಂಚಾಯಿತಿಯವರು ಓಣಿ ಓಣಿಯಲ್ಲಿ ಕೀಳಿಸುತ್ತಿದ್ದರು. ಸುರಪುರದ ನರ್ಸರಿಯಿಂದ ಆ ಕೆಲಸಕ್ಕೆ ಬಂದಿದ್ದ ಬುದ್ಧಪ್ರಿಯ, ಅವಳ ಅಂಗಳದ ಮೂಲೆಯ ಗಿಡವನ್ನೂ ಅವಸರದಲ್ಲಿ ಕಿತ್ತಿದ್ದ.

ಅವಳು ಒಂದು ಎಲೆ ಹರಿದು, ತಿಕ್ಕಿ, ಅವನ ಮೂಗಿಗೆ ಹಿಡಿದಳು.

"ಮೂಸಿ ನೋಡ್ರಿ! ನರ್ಸರಿಯವರಾಗಿ ಇಷ್ಟೂ ಗುರ್ತು ಹತ್ತಲಿಲ್ಲೇನು?"

ಘಾಟು ವಾಸನೆ ಬಡಿದದ್ದೇ ಅವನ ಮುಖ ಬಿಳಿಚಿತು.

"ಶ್ಯಾವಂತಿಗಿ..."

"ನಮ್ಮವ್ವಂದು. ಲಗ್ನದಾಗ ಬಳಿಚಕ್ರದ ತವರಿಂದ ತಂದಿದ್ಲು. ಅವ್ವ ಹೋಗಿ ಮೂರು ತಿಂಗಳಾತು... ಇದೊಂದ ಉಳಿದಿತ್ತು."

ಅವನು ಬೇರನ್ನು ಹಸಿ ಗೋಣಿಚೀಲದಲ್ಲಿ ಸುತ್ತಿದ. "ಬದುಕಿಸಿ ತರ್ತೀನ್ರಿ. ಹೂ ಯಾವ ಬಣ್ಣ?"

"ಬಿಳಿ," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು.

ಮೂರು ವಾರಕ್ಕೆ ಅವನು ಕುಂಡ ತಂದ. ಅದರಲ್ಲಿ ಎರಡು ಎಳೆ ಚಿಗುರು! ಅವಳು ಅದನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟಳು. ಅವನು ಏನೋ ಹೇಳಲು ಬಾಯಿ ತೆರೆದವನು, "ನೆರಳಾಗ ಇಡ್ರಿ" ಎಂದಷ್ಟೇ ಹೇಳಿದ.

ಆಮೇಲೆ ಪ್ರತಿ ರವಿವಾರ ಬಂದ. ಎರೆಮಣ್ಣಿಗೆ ಮರಳು, ಗೊಬ್ಬರ ಬೆರೆಸಿದ.

"ನೀರು ನಿಂತ್ರ ಬೇರು ಕೊಳಿತೈತ್ರಿ, ಟೀಚರ." ಅವಳು ಊರಿನ ಅಂಗನವಾಡಿ ನಡೆಸುತ್ತಿದ್ದಳು.

ಅವನು ತುದಿ ಚಿವುಟಿದಾಗ ಅವಳು ಚೀರಿದಳು. "ಯಾಕ ಮುರಿತೀರಿ!"

"ಚಿವುಟಿದ್ರ ಬಗಲಾಗ ನಾಕು ಟಿಸಿಲು ಒಡೀತಾವ್ರಿ."

ಒಡೆದವು. ಅವಳ ಮನಸ್ಸೂ ಮೆತ್ತಗಾಯಿತು. ಸಂಜೆ ನೀರು ಹಾಕುತ್ತ ಗಿಡದ ಜೊತೆ ಮಾತಾಡುತ್ತಿದ್ದಳು.

"ಅವ್ವಾ, ಇಂವ ಒಳ್ಳೆಯವ ಅನಸ್ತಾನ. ನೀ ಏನಂತೀ?"

ಒಮ್ಮೆ ಹಿಂದೆಯೇ ನಿಂತು ಅವನು ಅದನ್ನು ಕೇಳಿಸಿಕೊಂಡ. ತಲೆ ತಗ್ಗಿಸಿದ. ನಾಚಿಕೆ ಎಂದುಕೊಂಡ ಅನುರಾಧಾ ನಕ್ಕಳು.

"ಹೂ ಅರಳಿದ ದಿನ ನಮ್ಮ ಅಪ್ಪನ ಮುಂದ ಲಗ್ನದ ಮಾತು ಎತ್ರಿ."

ಕಾರ್ತಿಕದಲ್ಲಿ ಹೂ ಅರಳಿತು. ಬಿಳಿ! ಅವಳು ಕುಣಿಯುವುದೊಂದೇ ಬಾಕಿ. ಮೊಣಕಾಲೂರಿ ಒಂದು ಎಸಳನ್ನು ಮೆಲ್ಲಗೆ ಹೊರಳಿಸಿದಳು...

ಹಿಂಬದಿಯೂ ಬಿಳಿ.

ಅವ್ವನ ಹೂವಿನ ಎಸಳಿಗೆ ಬೆನ್ನಲ್ಲಿ ತಿಳಿಗುಲಾಬಿ ಬಣ್ಣವಿರುತ್ತಿತ್ತು. ಇನ್ನೊಂದನ್ನು ನೋಡಿದಳು. ಮತ್ತೊಂದನ್ನು. ಎಲ್ಲವೂ ಬಿಳಿ.

ಮಧ್ಯಾಹ್ನದ ಬಸ್ಸಿಗೇ ಸುರಪುರಕ್ಕೆ ಹೋದಳು.

"ಅದು ಅವ್ವನ ಗಿಡ ಹೌದೋ ಅಲ್ಲೋ?"

ಬುದ್ಧಪ್ರಿಯನ ಕೈಯಿಂದ ನೀರಿನ ಪೈಪು ಜಾರಿತು.

"ಅಲ್ರಿ. ಬೇರು ಐದನೇ ದಿನಕ್ಕ ಕೊಳೀತು. ನೀವು ಅಳೂದು ನೋಡಾಕ ಆಗಲಿಲ್ಲ. ಇಲ್ಲಿಂದ ಒಂದು ಬಿಳೀದು..."

"ಐದು ತಿಂಗಳು! ಅವ್ವಾ ಅಂತ ಕರದು ಮಾತಾಡೀನಿ. ನೀವು ಕೇಳಿಸ್ಕೊಂಡೀರಿ. ಆವಾಗರ ಹೇಳಬಾರದಾಗಿತ್ತೇನು?"

ಅವನು ಹೋಗಿ ನೀರಿನ ನಲ್ಲಿ ನಿಲ್ಲಿಸಿದ.

"ಅವ್ವ ಒಮ್ಮೆ ಸತ್ತಿದ್ಲು. ನೀವು ಎರಡನೇ ಸಲ ಮಣ್ಣು ಮಾಡಿಸಿದ್ರಿ. ಇನ್ನ ನಮ್ಮ ಮನಿ ಕಡೆ ಬರಬ್ಯಾಡ್ರಿ."

ಅವಳು ಗಿಡವನ್ನು ಕಿತ್ತೊಗೆಯಲಿಲ್ಲ. ನೀರೂ ಹಾಕಲಿಲ್ಲ. ಅದು ನಿಂತಲ್ಲೇ ಒಣಗಿತು. ಅವಳೂ ಸೊರಗಿದಳು. ಅಪ್ಪ ಅಂಬ್ರಪ್ಪ ಕೇಳಿದರೆ, "ಏನಿಲ್ಲಪ್ಪ" ಎನ್ನುವಳು. ಸಿಟ್ಟಿದ್ದರೂ ರವಿವಾರ ಬಂತೆಂದರೆ ಕಿವಿ ಬಾಗಿಲ ಕಡೆಗೇ! ಅದಕ್ಕಾಗಿ ತನ್ನನ್ನೇ ಬೈದುಕೊಳ್ಳುವಳು.

ಮೂರು ತಿಂಗಳು ಕಳೆದ ಮೇಲೆ ಒಂದು ಸಂಜೆ ಅವನು ಹೊಸ್ತಿಲಾಚೆ ನಿಂತಿದ್ದ. ಕೈ ಖಾಲಿ.

"ಬಳಿಚಕ್ರಕ್ಕ ಹೋಗಿದ್ನಿ, ಟೀಚರ. ಆರು ಸಲ. ಮನಿ ಮನಿ ಕೇಳಿದೆ. ಗುಲಾಬಿ ಬೆನ್ನಿನ ಶ್ಯಾವಂತಿಗಿ ಎಲ್ಲೂ ಉಳಿದಿಲ್ರಿ."

ಎಸಳು ಹೇಗಿತ್ತೆಂದು ಅವಳೆಂದೂ ಅವನಿಗೆ ಹೇಳಿರಲಿಲ್ಲ.

"ಗುಲಾಬಿ ಅಂತ ಯಾರು ಹೇಳಿದ್ರು?"

"ಖಾಜಾಬೀ ಅಂತ ಒಬ್ಬ ಅಜ್ಜಿ. ನಿಮ್ಮವ್ವನ ಗೆಳತಿ. ಬೇರು ಕಿತ್ತು ಕೊಟ್ಟಾಕಿ ಆಕೀನ. ಮದುಮಗಳು ಅದನ್ನ ಸೆರಗಿಗೆ ಕಟಗೊಂಡು ಬಸ್ಸಿನ ಕಿಟಕ್ಯಾಗ ಅಳಾಕತ್ತಿದ್ಲಂತ. 'ಬೂಬೂ, ಇದು ಬೇರು ಬಿಟ್ರ ನಾನೂ ಆ ಊರಾಗ ಬೇರು ಬಿಡ್ತೀನಿ' ಅಂದಿದ್ಲಂತ."

ಅವ್ವ ಅತ್ತದ್ದು ಅನುರಾಧಾಗೆ ಗೊತ್ತೇ ಇರಲಿಲ್ಲ.

"ಯಾವುದರೆ ಗಿಡ ತಂದು ಇದ ಅಂದಿದ್ರ ನಾ ನಂಬತಿದ್ನೇನೋ..."

"ಒಮ್ಮೆ ಅಂದಿದ್ನಲ್ರಿ. ಅದಕ್ಕ ನಿಮ್ಮನ್ನ ಕಳಕೊಂಡೆ."

ಅವನ ಕಾಲು ಧೂಳಾಗಿದ್ದವು, ಕಣ್ಣು ಗುಳಿಬಿದ್ದಿದ್ದವು. ಅವಳು ಮುಖ ತಿರುಗಿಸಿಕೊಂಡಳು.

"ನಾ ಇನ್ನೂ ಕ್ಷಮಿಸಿಲ್ರಿ."

"ಗೊತ್ರಿ. ಹೇಳಿ ಹೋಗಾಕ ಬಂದೀನಿ ಅಷ್ಟ." ಅವನು ತಿರುಗಿದ.

"ನಿಂದರ್ರಿ!"

ಅವನು ನಿಂತ.

"ಕ್ಷಮಿಸಾಕ ಭಾಳ ದಿನ ಹಿಡೀತೈತಿ. ಒಂದೊಂದು ದಿನ ಬೈತೀನಿ. ಒಂದೊಂದು ದಿನ ಮಾತ ಆಡೂದಿಲ್ಲ."

"ಬೈಸ್ಕೋತೀನ್ರಿ. ನೀವು ಮಾತಾಡೋತನ ಕುಂಡ್ರತೀನಿ."

"ಹಿಂಗ ದೂರ ನಿಂತ್ರ ಹೆಂಗ ಬೈಲಿ?" ಅವಳು ಬಾಗಿಲಿಂದ ಸರಿದು ದಾರಿ ಬಿಟ್ಟಳು. "ಒಳಗ ಬರ್ರಿ... ಊಟ ಮಾಡಿಲ್ಲ ಹೌದಲ್ಲೋ?"

"ಇಲ್ರಿ," ಅಂದ ಅವನು, ಕಣ್ಣೊರೆಸಿಕೊಳ್ಳುತ್ತ.

"ನಾನೂ ಮಾಡಿಲ್ಲ."